ಹರಿಪುರದ ಮೂಕ ಕಪ್ಪೆಗಳು

ಮುಂಬಯಿ
೮ ಜೂನ್ ೧೯೩೭

ತೀರ್ಥರೂಪ ಸಿದ್ರಾಮಪ್ಪ ಕಾಕಾ ಅವರಿಗೆ, ಹಾಗೆಯೇ ಕಾಕೂಗೆ, ಸುನಂದಾಳ ಶರಣು.

ಸುಖವಾಗಿ ಬಂದು ಮುಟ್ಟಿದೆ. ಕಾಕೂ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹಾಸ್ಟೆಲಿನಲ್ಲಿ ಒಂದೇ ದಿನಕ್ಕೆ ಮುಗಿಯಿತು. ನಾನು ತಿಂದದ್ದು ಎಲ್ಲರಿಗಿಂತ ಕಡಿಮೆ.

ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗೆ ನಮ್ಮ ಪ್ರೊಫೆಸರ್ ಸಾಹೇಬರು ನನಗೆ ಕೊಟ್ಟ ವಿಷಯ ಕಪ್ಪೆಯ ಕಿವಿ. ನಗಬೇಡಿರಿ. ಕಪ್ಪೆಗೆ ನಮ್ಮ ಹಾಗೆ ಹಿಡಿದು ಹಿಂಡುವಂಥ ಕಿವಿಯಿಲ್ಲ. ಕಣ್ಣಿನ ಹಿಂದೆ ತಬಲಾಕ್ಕೆ ಬಿಗಿದಂಥ ದುಂಡನೆಯ ತೊಗಲು, ಅದರ ಒಳಗೆ ಕಡ್ಡಿಯಂಥ ಒಂದೇ ಒಂದು ಎಲುಬು. ತೊಗಲು ಅದುರಿದರೆ ಎಲುಬು ಅದುರುತ್ತದೆ, ಎಲುಬು ಹೋಗಿ ಒಳಗಿವಿಯ ಕಿಟಕಿ ತಟ್ಟುತ್ತದೆ. ಇಷ್ಟು ಸರಳ. ಆದರೆ ಕಪ್ಪೆಯ ಹಿರಿಯರಿಗೆ ಈ ಏರ್ಪಾಡು ಇತ್ತೇ, ಇಲ್ಲದಿದ್ದರೆ ಎಲ್ಲಿಂದ ಬಂತು ಎನ್ನುವುದು ಅಷ್ಟು ಸರಳವಲ್ಲ.

ಒಂದು ಉಪಕಾರ ಬೇಕು. ಮಳೆ ಹಿಡಿದ ಮೇಲೆ ನೀವು ಅರಿಷಿಣ ತುಂಬಿಟ್ಟ ನೆಲದಡಿಯ ಪೇವಗಳನ್ನು ನೋಡಲು ಹರಿಪುರಕ್ಕೆ ಹೋಗುತ್ತೀರಲ್ಲ, ಆಗ ಅಲ್ಲಿಯ ದೊಡ್ಡ ಕಪ್ಪೆಗಳು ಹೇಗೆ ಕೂಗುತ್ತವೆ, ಯಾವಾಗ ಶುರು ಮಾಡುತ್ತವೆ ಎಂದು ಕೇಳಿ ಬರೆಯಿರಿ. ಇಲ್ಲಿ ಟ್ರಾಮಿನ ಸದ್ದಿನಲ್ಲಿ ಏನೂ ತಿಳಿಯದು.

ನಿಮ್ಮ ಮಗಳಂಥ
ಸುನಂದಾ

*

ಸಾಂಗ್ಲಿ
೨೯ ಜೂನ್ ೧೯೩೭

ಮುಂಬಯಿಯ ಉಪ್ಪುಗಾಳಿ ಕುಡಿದು, ಕಪ್ಪೆಯ ಇಲ್ಲದ ಕಿವಿ ಹಿಡಿದು ಕುಳಿತಿರುವ ಚಿ. ಸುನಂದಾಳಿಗೆ ಸಿದ್ರಾಮಪ್ಪನ ಆಶೀರ್ವಾದಗಳು.

ನಿನ್ನನ್ನು ಅಷ್ಟು ದೂರ ಕಳಿಸಲು ನಿಮ್ಮಪ್ಪನ ಜೊತೆ ವಾದ ಹಾಕಿದವನು ನಾನು. ಮಗಳು ಕಪ್ಪೆಯ ಕಿವಿ ಓದುತ್ತಾಳೆ ಎಂದು ತಿಳಿದ ಮೇಲೆ ಅಣ್ಣ ನನ್ನ ಮುಖ ನೋಡುವ ರೀತಿಯೇ ಬೇರೆ. ಇರಲಿ.

ಮಳೆ ಚೆನ್ನಾಗಿ ಹಿಡಿದಿದೆ. ನೆಲದಡಿಯ ಪೇವಗಳಲ್ಲಿ ಅರಿಷಿಣ ಭದ್ರವಾಗಿದೆ. ಪೇವಗಳ ಬಾಯಿಗೆ ನೀರು ಇಳಿಯದಂತೆ ಮಣ್ಣು ಮೆತ್ತಿಸಲು ಹರಿಪುರಕ್ಕೆ ಹೋಗಿದ್ದೆ. ಸುತ್ತಲಿನ ಹೊಲಗಳೆಲ್ಲ ಕೆರೆ. ನೀನು ಹೇಳಿದ ದೊಡ್ಡ ಕಪ್ಪೆಗಳು ಬೇಕಾದಷ್ಟು. ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ, ಮದುವೆಯ ಅರಿಷಿಣ ಹಚ್ಚಿಸಿಕೊಂಡ ವರಗಳ ಹಾಗೆ ಕುಳಿತಿವೆ. ಗಲ್ಲದ ಎರಡೂ ಬದಿಗೆ ನೀಲಿ ಬುಗ್ಗೆ ಉಬ್ಬಿಸುತ್ತವೆ, ಇಳಿಸುತ್ತವೆ. ಆದರೆ ಸುನಂದಾ, ಸದ್ದು ಇಲ್ಲ! ಬಹಳ ಹೊತ್ತು ನಿಂತೆ. ಒಂದಾದರೂ ಬಾಯಿ ಬಿಡಲಿಲ್ಲ.

ಹೊಳೆಗೆ ನೀರು ಬಂತು, ಹೊಲಕೆ ಹಸಿರು ಬಂತು,
ಕಪ್ಪೆಗೆ ಮಾತ್ರ ಈ ವರ್ಷ ಮೌನವ್ರತ ಬಂತು.

ಪೇವ ಕಾಯುವ ಜ್ಯೋತೆಪ್ಪ ಹಗಲಿನಲ್ಲೇ ಕಂಬಳಿ ಹೊದ್ದು ಮಲಗಿದ್ದ. ಎಬ್ಬಿಸಿ ಕೇಳಿದರೆ, "ರಾತ್ರಿ ಎಲ್ಲಾ ಈ ಕಪ್ಪಿ ಒದರಿ ಒದರಿ ನಿದ್ದಿ ಕೊಡವೊಲ್ಲವು ಧಣ್ಯಾರ" ಅಂದ. ಸೋಮಾರಿತನಕ್ಕೆ ಕಪ್ಪೆಯ ನೆಪ! ಚೆನ್ನಾಗಿ ಬೈದು ಬಂದೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕಾಕೂಗೆ ವಯಸ್ಸಾದ ಹಾಗೆ ಬಾಯಿ ಜೋರಾಗುತ್ತಿದೆ. ಪಕ್ಕದ ಅಂಗಡಿಯ ತಾತ್ಯಾಸಾಹೇಬರದು ಅದಕ್ಕೆ ವಿರುದ್ಧ. ಇತ್ತೀಚೆಗೆ ಮಾತೆಲ್ಲ ಮೀಸೆಯೊಳಗೇ ಉಳಿಸಿಕೊಳ್ಳುತ್ತಾರೆ.

ಸಿದ್ರಾಮಪ್ಪ

*

ಮುಂಬಯಿ
೬ ಜುಲೈ ೧೯೩೭

ತೀರ್ಥರೂಪ ಕಾಕಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಆಮೇಲೆ ಓಡಿದೆ. ಪ್ರೊಫೆಸರ್ ಸಾಹೇಬರು ಚಹಾ ಕುಡಿಯುತ್ತಿದ್ದರು. "ಬುಗ್ಗೆ ಉಬ್ಬುತ್ತದೆ, ಧ್ವನಿ ಇಲ್ಲ" ಎಂದ ಕೂಡಲೇ ಬಶಿ ಕೆಳಗಿಟ್ಟರು. "ಹೇಳಿದವರು ನಂಬುವಂಥವರೋ?" ಎಂದು ಕೇಳಿದರು. "ನಮ್ಮ ಕಾಕಾ" ಎಂದೆ. ಇನ್ನೇನು ಹೇಳಲಿ?

ಇದು ಏಕೆ ದೊಡ್ಡ ಸುದ್ದಿ ಎಂದು ಕೇಳಿರಿ. ಕಪ್ಪೆಯ ಕಿವಿಯ ಆ ಕಡ್ಡಿ ಎಲುಬು ಮೊದಲು ಕಿವಿಯದ್ದಾಗಿರಲಿಲ್ಲ. ಕಪ್ಪೆಯ ಹಿರಿಯರ ಹಿರಿಯರು ಮೀನುಗಳು. ಆ ಮೀನಿನಲ್ಲಿ ಅದು ದವಡೆಯನ್ನು ತಲೆಬುರುಡೆಗೆ ಆನಿಸಿ ಹಿಡಿದ ದಪ್ಪ ಎಲುಬು, ಮನೆಯ ತೊಲೆಗೆ ಕೊಟ್ಟ ಆಸರೆಗಂಬದಂತೆ. ಅವು ನೀರು ಬಿಟ್ಟು ದಂಡೆ ಹತ್ತಿದ ಮೇಲೆ ದವಡೆ ತಲೆಗೆ ತಾನೇ ಅಂಟಿಕೊಂಡಿತು, ಕಂಬಕ್ಕೆ ಕೆಲಸ ಹೋಯಿತು. ಕೆಲಸವಿಲ್ಲದ ಎಲುಬು ತೆಳ್ಳಗಾಗಿ, ಲಕ್ಷಾಂತರ ತಲೆಮಾರು ಕಳೆದು, ಸದ್ದು ಹೊರುವ ಕೂಲಿಗೆ ಸೇರಿತು. ನಮ್ಮ ಕಿವಿಯೊಳಗಿನ ಎಲ್ಲಕ್ಕಿಂತ ಚಿಕ್ಕ ಎಲುಬೂ ಅದೇ ವಂಶದ್ದು.

ಈಗ ನನ್ನ ವಿಚಾರ: ಕೂಗುವುದನ್ನೇ ಬಿಟ್ಟ ಕಪ್ಪೆಗೆ ಕೇಳುವ ಕಿವಿಯೂ ಬೇಡವಾಗುತ್ತಿರಬೇಕು. ತೊಗಲು ಸಣ್ಣದಾಗಿರಬೇಕು, ಎಲುಬು ಹಿಂದಕ್ಕೆ ಸರಿದಿರಬೇಕು. ಇದನ್ನು ತೋರಿಸಿದರೆ ಆಗಸ್ಟ್ ೧೪ರ ವಿಜ್ಞಾನ ಸಭೆಯಲ್ಲಿ ಪ್ರಬಂಧ ಓದಲು ನನಗೆ ಜಾಗ. ಅದು ಚೆನ್ನಾಗಿ ಆದರೆ ಇಲ್ಲೇ ಡೆಮಾನ್‌ಸ್ಟ್ರೇಟರ್ ಕೆಲಸ. ಆಗದಿದ್ದರೆ ಅಪ್ಪ ಬರೆದಿದ್ದಾರೆ, ದೀಪಾವಳಿಗೆ ಟ್ರಂಕು ಸಮೇತ ಬಾ ಎಂದು.

ಆದ್ದರಿಂದ ಆ ಮೂಕ ಕಪ್ಪೆಗಳಲ್ಲಿ ಕೆಲವನ್ನು ಜೀವಸಹಿತ ಕಳಿಸಿರಿ. ಒದ್ದೆ ಹುಲ್ಲು ಹಾಕಿ, ಬುಟ್ಟಿಗೆ ಗಾಳಿ ಆಡಲಿ.

ಸುನಂದಾ

*

ಸಾಂಗ್ಲಿ
೧೭ ಜುಲೈ ೧೯೩೭

ಮೀನಿನ ಮೊಮ್ಮಗಳೇ, ಕಪ್ಪೆಯ ತಮ್ಮಗಳೇ,

(ಎರಡನೆಯ ಶಬ್ದ ನಿಘಂಟಿನಲ್ಲಿಲ್ಲ. ಪ್ರಾಸಕ್ಕೆ ಅಷ್ಟು ರಿಯಾಯಿತಿ ಇರಲಿ.)

ಬುಟ್ಟಿ ಇವತ್ತು ಮಿರಜಿನಿಂದ ಪಾರ್ಸಲಿನಲ್ಲಿ ಹೊರಟಿತು. ಜ್ಯೋತೆಪ್ಪ ಹಿಡಿದು ಕೊಟ್ಟ, ಬೈಗುಳ ಮರೆತಿರಲಿಲ್ಲ. "ಮೂಕ ಕಪ್ಪಿ ಬೇಕಂದ್ರೇನ್ರಿ? ಹಂಗಾದ್ರ ಸಿಗೋದ ಕಠಿಣ ಐತ್ರಿ" ಅಂತ ಹಲ್ಲು ಕಿರಿದ. ಕುರಿ ಕಾಯ್ದವರ ಮಕ್ಕಳಿಗೆ ಹಾಸ್ಯ ಜಾಸ್ತಿ.

ಮಿರಜ ಸ್ಟೇಶನ್ನಿನಲ್ಲಿ ನಾನು ಬುಟ್ಟಿ ಹಿಡಿದು ನಡೆದರೆ ಹಮಾಲರು, ಆಸ್ಪತ್ರೆಗೆ ಬಂದ ವಿಜಾಪುರದ ರೋಗಿಗಳು, ಸಿತಾರ ಹೊತ್ತು ನಿಂತ ಒಬ್ಬ ಉಸ್ತಾದರು, ಎಲ್ಲರೂ ತಿರುಗಿ ನೋಡಿ ನಗುತ್ತಿದ್ದರು. ಹೊಸ ರುಮಾಲು ಸುತ್ತಿದ್ದೆ. ಅಷ್ಟು ಕೆಟ್ಟದಾಗಿ ಕಾಣುತ್ತಿರಲಿಲ್ಲ ಎಂದು ನನ್ನ ತಿಳಿವಳಿಕೆ.

ಕಾಕೂ ಕಪ್ಪೆಗಳಿಗೆ ದಾರಿಗೆಂದು ನೆನೆಸಿದ ಅಕ್ಕಿ ಹಾಕಿದ್ದಾಳೆ. ಅವು ತಿನ್ನುವುದಿಲ್ಲ ಎಂದು ಹೇಳಿದೆ. "ತಿನ್ನದಿದ್ರ ಬಿಡ್ಲಿ. ಬರಿಗೈಲೆ ಕಳಸಬೇಕೇನು?" ಅಂದಳು. ಕಿವಿ ಪರೀಕ್ಷೆ ಮುಗಿದ ಮೇಲೆ ತಿರುಗಿ ಕಳಿಸಬೇಕಂತೆ. ಹೊಳೆದಂಡೆಯ ಜೀವ ಸಮುದ್ರದಲ್ಲಿ ಬಾಳುವುದಿಲ್ಲವಂತೆ.

ಸಭೆಯ ಸುದ್ದಿ ಪೇಟೆಗೆಲ್ಲ ಹೇಳಿದ್ದೇನೆ. ಅಣ್ಣನಿಗೆ ಎರಡು ಸಲ.

ಸಿದ್ರಾಮಪ್ಪ

*

ಮುಂಬಯಿ
೨೨ ಜುಲೈ ೧೯೩೭

ತೀರ್ಥರೂಪ ಕಾಕಾ,

ಬುಟ್ಟಿ ಮುಟ್ಟಿತು. ಆದರೆ ಒಂದು ಗೊಂದಲ. ಪಾರ್ಸಲ್ ಬಾಬು ನನ್ನನ್ನು ಕಂಡದ್ದೇ, "ಇದು ನಿಮ್ಮದೇನು ಬಾಯಿಸಾಹೇಬ? ಸದ್ಯ, ಬಂದಿರಲ್ಲ! ಗಾರ್ಡ್ ಪುಣೆಯಲ್ಲೇ ಇಳಿಸಿ ಹೋಗುವವನಿದ್ದ" ಎಂದು ಕೈ ಮುಗಿದ. ದಾರಿಯುದ್ದಕ್ಕೂ ಕೂಗಿವೆಯಂತೆ. ಈಗ ಪ್ರಯೋಗಶಾಲೆಯಲ್ಲೂ ಕೂಗುತ್ತಿವೆ. ಎಮ್ಮೆ ಕರುವನ್ನು ಡೋಲಿನಲ್ಲಿ ಕೂಡಿಹಾಕಿದ ಹಾಗೆ.

ನಾನು ಹೀಗೆ ತಿಳಿದಿದ್ದೇನೆ: ಹರಿಪುರದಲ್ಲಿ ಏನೋ ಕಾರಣಕ್ಕೆ ಸುಮ್ಮನಿರುವ ಕಪ್ಪೆಗಳು ಸ್ಥಳ ಬದಲಾದ ಕೂಡಲೇ ಧ್ವನಿ ತೆಗೆದಿರಬೇಕು. ಅಥವಾ ಜ್ಯೋತೆಪ್ಪ ಬೇರೆ ಕಡೆಯವನ್ನು ಹಿಡಿದು ಕೊಟ್ಟನೋ? ಕಿವಿಗಳ ಪರೀಕ್ಷೆ ನಡೆದಿದೆ. ತೊಗಲು ಸ್ವಲ್ಪ ಸಣ್ಣದೇ ಇದೆ ಎಂದು ಒಮ್ಮೆ ಅನ್ನಿಸುತ್ತದೆ, ಒಮ್ಮೆ ಇಲ್ಲ. ಕಪ್ಪೆಗಳು ಆರಾಮ ಇವೆ ಎಂದು ಕಾಕೂಗೆ ಹೇಳಿರಿ.

ಇನ್ನೊಮ್ಮೆ ಹರಿಪುರಕ್ಕೆ ಹೋಗಿ, ಸಂಜೆ ಮಳೆ ನಿಂತ ಮೇಲೆ ಕೇಳುತ್ತೀರಾ? ಈ ಪ್ರಬಂಧ ನಿಂತಿರುವುದು ನಿಮ್ಮ ಎರಡು ಕಿವಿಗಳ ಮೇಲೆ.

ಸುನಂದಾ

*

ಸಾಂಗ್ಲಿ
೩೦ ಜುಲೈ ೧೯೩೭

ಚಿ. ಸುನಂದಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಕೃಷ್ಣೆಯಲ್ಲಿ ನೀರು ಏರಿದೆ, ಸಾಂಗ್ಲಿವಾಡಿಯ ಜನ ಸೇತುವೆಯ ಮೇಲೆ ನಿಂತು ನೋಡುತ್ತಾರೆ. ಅರಿಷಿಣದ ದರ ಇದ್ದಲ್ಲೇ ಇದೆ. ಮಾಮಲೇದಾರರ ಕೊಡೆ ಗಾಳಿಗೆ ಹಾರಿ ಗಣಪತಿ ಗುಡಿಯ ಹತ್ತಿರ ಸಿಕ್ಕಿತು. ಕಾಕೂ ಆರಾಮ ಇದ್ದಾಳೆ.

ಊಟ ನಿದ್ದೆ ಸರಿಯಾಗಿ ಮಾಡು.

ಸಿದ್ರಾಮಪ್ಪ

*

ಮುಂಬಯಿ
೪ ಆಗಸ್ಟ್ ೧೯೩೭

ತೀರ್ಥರೂಪ ಕಾಕಾ,

ಕಪ್ಪೆಗಳ ವಿಷಯ ನೀವು ಏನೂ ಬರೆದಿಲ್ಲ. ಬದಲಾವಣೆ ಇದ್ದರೆ ಬರೆಯದೆ ಇರುತ್ತಿರಲಿಲ್ಲ, ಆದ್ದರಿಂದ ಅವು ಅಲ್ಲಿ ಇನ್ನೂ ಸುಮ್ಮನಿವೆ, ಇಲ್ಲಿ ಕೂಗುವುದು ಸ್ಥಳ ಬದಲಾದದ್ದಕ್ಕೇ ಎಂದು ತಿಳಿದು ಪ್ರೊಫೆಸರರಿಗೆ ಹಾಗೆಯೇ ಹೇಳಿದೆ. ಸಭೆಯ ಕಾರ್ಯಕ್ರಮ ಪತ್ರಿಕೆ ಅಚ್ಚಾಗಿ ಬಂದಿದೆ. "ಕೃಷ್ಣಾ ತೀರದ ಧ್ವನಿರಹಿತ ಕಪ್ಪೆಗಳಲ್ಲಿ ಶ್ರವಣಾಂಗದ ಇಳಿತ", ಕೆಳಗೆ ನನ್ನ ಹೆಸರು. ಅಪ್ಪನಿಗೂ ಒಂದು ಪ್ರತಿ ಕಳಿಸಿದ್ದೇನೆ.

ನಿಮ್ಮ ಪತ್ರದಲ್ಲಿ ಒಂದೂ ಪ್ರಾಸವಿರಲಿಲ್ಲ. ಪೇಟೆಯಲ್ಲಿ ಗದ್ದಲವೇ? ಅಥವಾ ನನ್ನ ಮೇಲೆ ಸಿಟ್ಟೇ?

ಸುನಂದಾ

*

ಸಾಂಗ್ಲಿ
೮ ಆಗಸ್ಟ್ ೧೯೩೭

ಸುನಂದಾ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಅಂಗಡಿಯ ಗುಮಾಸ್ತ ಶಿವಲಿಂಗಪ್ಪ ಅರಿಷಿಣದ ಕೆಲಸಕ್ಕೆ ಮುಂಬಯಿಗೆ ಹೊರಟಿದ್ದಾನೆ, ಅವನೇ ನಿನ್ನ ಕೈಗೆ ಕೊಡುತ್ತಾನೆ. ಓದಿದ ಕೂಡಲೇ ಪ್ರೊಫೆಸರರ ಬಳಿ ಹೋಗು.

ಹರಿಪುರದ ಕಪ್ಪೆಗಳು ಮೂಕವಲ್ಲ. ನಾನು ಕಿವುಡ.

ಇನ್ನೊಮ್ಮೆ ಹೋಗಿ ಕೇಳಿರಿ ಎಂದ ನಿನ್ನ ಆ ಪತ್ರ ಬಂದ ಮೇಲೆ ಕಾಕೂನನ್ನೂ ಕರೆದುಕೊಂಡು ಹೋಗಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಟಾಂಗಾ ಇಳಿದವಳೇ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಯಾಕ, ತಲಿ ನೋಯ್ತದೇನು?" ಅಂದೆ.

"ಅಯ್ಯ ಶಿವನ, ಏನ್ ಒದರ್ತಾವ್ರಿ ಇವು!"

"ಯಾವು?"

ಅವಳು ನನ್ನ ಮುಖ ನೋಡಿದಳು. ಜ್ಯೋತೆಪ್ಪ ಹೊಲದ ಕಡೆ ಕೈ ತೋರಿಸಿದ. ಎದುರಿಗೆ ಹೊಲದ ತುಂಬ ಹಳದಿ ವರಗಳು ಬುಗ್ಗೆ ಉಬ್ಬಿಸುತ್ತಿದ್ದವು. ನನಗೆ ಗಾಳಿಯ ಸದ್ದೂ ಇಲ್ಲ. ಗೋಡೆಗೆ ತೂಗುಹಾಕಿದ ಚಿತ್ರ ನೋಡಿದ ಹಾಗೆ ನಿಂತಿದ್ದೆ.

ತಿರುಗಿ ಬರುವಾಗ ಟಾಂಗಾದಲ್ಲಿ ಅವಳು ಹೇಳಿದಳು: "ಎರಡ ವರ್ಷಾತು, ನಾ ಜೋರಲೆ ಮಾತಾಡಾಕ ಹತ್ತಿ. ನೀವು ನನ್ನ ಸ್ವಭಾವ ಕೆಟ್ಟೈತಿ ಅಂತ ತಿಳಕೊಂಡ್ರಿ."

"ಮತ್ತ ಹೇಳಬಾರದೇನು?"

"ಹೇಳೇನಿ. ನಿಮಗ ಕೇಳಿಸಿಲ್ಲ."

ನಾನು ತಿಳಿಯದೆ ಹೋದದ್ದು ಹೇಗೆ ಎಂದು ನೀನು ಕೇಳಬಹುದು. ನಮ್ಮ ಪೇಟೆಯಲ್ಲಿ ಅರಿಷಿಣದ ದರವನ್ನು ಬಾಯಿಯಿಂದ ಹೇಳುವ ಪದ್ಧತಿಯೇ ಇಲ್ಲ. ರುಮಾಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿದರೆ ವ್ಯಾಪಾರ ಮುಗಿಯಿತು. ಉಳಿದ ಮಾತನ್ನೆಲ್ಲ ನಾನೇ ಆಡುತ್ತೇನೆ. ಇಂಥ ಮನುಷ್ಯನಿಗೆ ಕಿವಿ ಹೋದ ಸುದ್ದಿ ಯಾರು ಮುಟ್ಟಿಸಬೇಕು?

ಆ ಸಂಜೆಯೇ ಬರೆಯಬೇಕಿತ್ತು. ಮಾಮಲೇದಾರರ ಕೊಡೆಯ ಬಗ್ಗೆ ಬರೆದೆ. ನಿನ್ನ ಹೆಸರು ಅಚ್ಚಾದ ಸುದ್ದಿ ಓದಿದ ಮೇಲೆ ತಡಮಾಡಲಿಲ್ಲ. ನಿನ್ನೆ ಮಿರಜಿಗೆ ಹೋಗಿ ಡಾಕ್ಟರರಿಗೆ ತೋರಿಸಿದೆ. ಅವರು ಕವಲುಳ್ಳ ಉಕ್ಕಿನ ಕಡ್ಡಿಯನ್ನು ಬಡಿದು ಕಿವಿಯ ಮುಂದೆ ಹಿಡಿದರು, ಏನೂ ಇಲ್ಲ. ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಸುನಂದಾ, ತಲೆಯೊಳಗೆ ತಂಬೂರಿ! ಒಳಗಿವಿ ನೆಟ್ಟಗಿದೆಯಂತೆ, ನಡುವಿನ ಒಂದು ಚಿಕ್ಕ ಎಲುಬು ಅಂಟಿಕೊಂಡು ಅಲುಗುತ್ತಿಲ್ಲವಂತೆ. ತಗ್ಗಿದ ದಪ್ಪ ಸದ್ದುಗಳು ಮೊದಲು ಹೋಗುತ್ತವೆಯಂತೆ. ಕಪ್ಪೆಯದು, ತಾತ್ಯಾಸಾಹೇಬರದು.

ನಿನ್ನ ಕೆಲಸ ನನ್ನಿಂದ ಹೋದರೆ ಅಣ್ಣನ ಮುಂದೆ ನಾನೇ ನಿಲ್ಲುತ್ತೇನೆ. ಬೈಯಲಿ. ಕೇಳಿಸುವಷ್ಟು ಜೋರಾಗಿ ಬೈಯುವ ಮನುಷ್ಯ ಅವನು.

ಸಿದ್ರಾಮಪ್ಪ

*

ಮುಂಬಯಿ
೧೫ ಆಗಸ್ಟ್ ೧೯೩೭

ನನ್ನ ಪ್ರೀತಿಯ ಕಾಕಾ,

ಶಿವಲಿಂಗಪ್ಪನವರು ಮೈಯೆಲ್ಲ ಒದ್ದೆಯಾಗಿ ಬಂದು ಪತ್ರ ಕೊಟ್ಟರು. ಓದಿ ಸ್ವಲ್ಪ ಅತ್ತೆ. ಪ್ರಬಂಧಕ್ಕಾಗಿ ಅಲ್ಲ. ಆಮೇಲೆ ಪ್ರೊಫೆಸರ್ ಸಾಹೇಬರ ಬಳಿ ಹೋಗಿ ಪೂರ್ತಿ ಪತ್ರವನ್ನು ಇಂಗ್ಲಿಷಿನಲ್ಲಿ ಹೇಳಿದೆ, ಕೊಡೆಯನ್ನೂ ಬಿಡದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮೂವತ್ತು ವರ್ಷದಿಂದ ಉಪಕರಣಗಳ ಜೊತೆ ಏಗುತ್ತಿದ್ದೇನೆ. ತಾನು ಕೆಟ್ಟಿದ್ದೇನೆ ಎಂದು ಉಪಕರಣವೇ ಪತ್ರ ಬರೆದದ್ದು ಇದೇ ಮೊದಲು" ಎಂದರು. ಆಮೇಲೆ ಕೇಳಿದರು: "ನಿನಗೆ ಕಪ್ಪೆಯ ಕಿವಿ ನಿಜವಾಗಿ ಹೇಗೆ ಕಂಡಿತು?"

ನೆಟ್ಟಗೇ ಇತ್ತು ಕಾಕಾ. ತೊಗಲು, ಎಲುಬು, ಎಲ್ಲ. ಅವು ಸಣ್ಣವಾಗಿರಲಿ ಎಂದು ನಾನೇ ಹಾರೈಸಿ ಹಾರೈಸಿ ಅಳೆಯುತ್ತಿದ್ದೆ. ನನ್ನ ವಿಚಾರಕ್ಕೆ ಹೊಂದದ ಒಂದು ಸಂಗತಿಯನ್ನಂತೂ ಬದಿಗಿಟ್ಟಿದ್ದೆ. ಕಪ್ಪೆಯ ಹೆಗಲಿನ ಎಲುಬಿನಿಂದ ಒಂದು ಸಣ್ಣ ಸ್ನಾಯು ನೇರವಾಗಿ ಒಳಗಿವಿಯ ಕಿಟಕಿಗೆ ಹೋಗುತ್ತದೆ. ನೆಲ ನಡುಗಿದರೆ ಮುಂಗಾಲು, ಮುಂಗಾಲಿನಿಂದ ಹೆಗಲು, ಹೆಗಲಿನಿಂದ ಕಿವಿ. ತೊಗಲಿನ ದಾರಿ ಹುಟ್ಟುವುದಕ್ಕೆ ಮೊದಲು, ನೀರಿನಿಂದ ಎದ್ದು ಬಂದ ಆ ಹಿರಿಯರು ಗದ್ದವನ್ನು ನೆಲಕ್ಕಿಟ್ಟು, ಎಲುಬಿನಿಂದಲೇ ಜಗತ್ತನ್ನು ಕೇಳಿರಬೇಕು ಎಂದು ಹಲವರ ಊಹೆ. ನಿಮ್ಮನ್ನು ಡಾಕ್ಟರರು ಪರೀಕ್ಷಿಸಿದ ದಾರಿಯೂ ಅಂಥದ್ದೇ. ನಿಮ್ಮಲ್ಲಿ ಅಂಟಿಕೊಂಡದ್ದು ಅದೇ ವಂಶದ ಎಲುಬು, ಮೀನಿನ ದವಡೆಯ ಕಂಬದ್ದು.

ನಿನ್ನೆ ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಅಚ್ಚಾದ ಶೀರ್ಷಿಕೆ ತಪ್ಪು. ಕಪ್ಪೆಗಳು ಕೂಗುತ್ತಿವೆ. ಕೇಳಿದವರಿಗೆ ಕಿವಿ ಮಂದವಿತ್ತು, ನನಗೆ ಬುದ್ಧಿ." ನಕ್ಕರು. ನಗು ನಿಂತ ಮೇಲೆ ಹೆಗಲಿನ ದಾರಿಯ ಬಗ್ಗೆ ಓದಿದೆ. ಬಹಳ ಪ್ರಶ್ನೆ ಕೇಳಿದರು, ಕೆಲವಕ್ಕೆ ಉತ್ತರ ಬರಲಿಲ್ಲ. ಹೊರಗೆ ಬಂದ ಮೇಲೆ ಪ್ರೊಫೆಸರರು, "ಸೆಪ್ಟೆಂಬರಿನಿಂದ ಪ್ರಯೋಗಶಾಲೆಯ ಕೀಲಿ ನೀನೇ ಇಟ್ಟುಕೋ" ಎಂದರು. ಕೆಲಸ ಕೊಡುವ ಅವರ ರೀತಿ ಇದು!

ಇನ್ನು ನನ್ನ ಸರದಿ. ಕಪ್ಪೆಗಳು ಆರಾಮ ಇವೆ ಎಂದು ಬರೆದಿದ್ದೆ. ಆರಾಮ ಇಲ್ಲ. ಒಳಗಿನ ಎಲುಬನ್ನು ಹೊರಗಿನಿಂದ ನೋಡಲು ಬರುವುದಿಲ್ಲ ಕಾಕಾ. ಅವು ತಿರುಗಿ ಬರುವುದಿಲ್ಲ. ಕಾಕೂಗೆ ಹೇಗೆ ಹೇಳಲಿ?

ಸುನಂದಾ

*

ಸಾಂಗ್ಲಿ
೨೪ ಆಗಸ್ಟ್ ೧೯೩೭

ಕೀಲಿಕೈ ಸಿಕ್ಕವಳಿಗೆ, ಕಾಕಾನ ಮೇಲೆ ನಕ್ಕವಳಿಗೆ, ಆಶೀರ್ವಾದದ ಮಳೆ.

ಕಪ್ಪೆಗಳ ಗತಿ ಬುಟ್ಟಿ ಕಟ್ಟುವಾಗಲೇ ನನಗೆ ಹೊಳೆದಿತ್ತು. ಅರಿಷಿಣದ ವ್ಯಾಪಾರಿ ಅಷ್ಟು ದಡ್ಡನಲ್ಲ. ನಿಮ್ಮ ಕಾಕೂ "ಯಾವಾಗ ಬರ್ತಾವು?" ಎಂದು ಕೇಳಿದಾಗ, ಅವಕ್ಕೂ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು ಎಂದೆ. "ಅಕ್ಕಿನಾದ್ರೂ ಹಾಕಿದ್ನಲ್ಲಾ" ಅಂದಳು. ಅವಳೂ ದಡ್ಡಳಲ್ಲ.

ಎಲುಬಿನ ಚರಿತ್ರೆ ಓದಿ ನನಗೆ ದೊಡ್ಡ ಸಮಾಧಾನವಾಯಿತು. ದವಡೆಯ ನೌಕರಿ ಬಿಟ್ಟು ಕಿವಿಗೆ ಸೇರಿದ ಎಲುಬು ನನ್ನಲ್ಲಿ ಮಾತ್ರ ಹಳೆಯ ಧಣಿಯ ಹತ್ತಿರ ತಿರುಗಿ ಹೋಗಿದೆ. ಕೇಳುವುದು ಕಡಿಮೆಯಾಗಿ ಮಾತು ಜಾಸ್ತಿಯಾದದ್ದು ಅದಕ್ಕೇ. ಪೇಟೆಯಲ್ಲಿ ಎಲ್ಲರಿಗೂ ನಾನೇ ಹೇಳಿಬಿಟ್ಟೆ. ತಾತ್ಯಾಸಾಹೇಬರು ಈಗ ಮೀಸೆ ಬದಿಗೆ ಸರಿಸಿ ಮಾತಾಡುತ್ತಾರೆ. ಅದರೊಳಗೆ ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ ಎಂದು ತಿಳಿಯಿತು. ಅಣ್ಣ ಬಂದ, ಬೈಯಲು ತಯಾರಾಗಿಯೇ ಬಂದ. ನಿನ್ನ ಪತ್ರ ಕೊಟ್ಟೆ. ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ. ಮರುದಿನ ಅವನ ಅಂಗಡಿಯ ಮುಂದೆ ಹಾಯ್ದರೆ ಗಿರಾಕಿಗೆ ಕಪ್ಪೆಯ ಹೆಗಲು ಎಲ್ಲಿರುತ್ತದೆ ಎಂದು ತೋರಿಸುತ್ತಿದ್ದ.

ನಿನ್ನೆ ಹರಿಪುರಕ್ಕೆ ಹೋಗಿದ್ದೆವು. ಜ್ಯೋತೆಪ್ಪನಿಗೆ ಎಲ್ಲ ವಿವರಿಸಿದೆ, ಬೈದದ್ದಕ್ಕೆ ಒಂದು ಹೊಸ ಕಂಬಳಿಯನ್ನೂ ಕೊಟ್ಟೆ. ಅವನು ಒಂದು ದೊಡ್ಡ ಗಂಡು ಕಪ್ಪೆಯನ್ನು ಮಣ್ಣಿನ ಗಡಿಗೆಯಲ್ಲಿ ಬಿಟ್ಟು, ಗಡಿಗೆಯ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ, "ಹಿಡೀರಿ, ಇದನ್ನ ಗದ್ದಕ್ಕ ಆನಿಸ್ರಿ" ಅಂದ. ರುಮಾಲು ತೆಗೆದಿಟ್ಟು, ಪೇವದ ದಿಬ್ಬದ ಮೇಲೆ ಕುಳಿತು, ಗಡಿಗೆಯನ್ನು ದವಡೆಗೆ ಒತ್ತಿ ಹಿಡಿದೆ. ಸಂಗಮನಾಥನ ದರ್ಶನಕ್ಕೆ ಹೊರಟವರು ನಿಂತು ನೋಡಿ, ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ಮುಂದೆ ಹೋದರು. ಕಪ್ಪೆ ಸುಮ್ಮನೆ. ನಿಜವಾಗಿಯೂ ಸುಮ್ಮನೆ. ಕಾಕೂ ಒಂದೇ ಸವನೆ, "ಬಂತೇನ್ರಿ? ಈಗ ಬಂತೇನ್ರಿ? ಬಲಕ್ಕ ಹಿಡೀರಿ. ಜ್ಯೋತೆಪ್ಪಾ, ಬ್ಯಾರೇದ ತಾರೋ, ಇದು ಹಟಮಾರಿ ಐತಿ" ಎನ್ನುತ್ತಿದ್ದಳು.

ನಾಲ್ಕು ಹನಿ ಬಿತ್ತು. ಹೊಲದಲ್ಲಿ ಮಿಕ್ಕವು ಶುರು ಮಾಡಿರಬೇಕು. ಗಡಿಗೆ ನಡುಗಿತು. ಗದ್ದ ನಡುಗಿತು, ಹಲ್ಲು ನಡುಗಿದವು. ಆಮೇಲೆ ತಲೆಯ ನಟ್ಟನಡುವೆ, ಎಲ್ಲಿಂದ ಎಂದು ಹೇಳಲಾರೆ, ದಪ್ಪನೆಯ ಒಂದು ಕರೆ. ಇನ್ನೊಂದು.

ಕಿವಿಯ ಕದ ಹಾಕಿದರೇನು, ದವಡೆಯ ಕಿಟಕಿ ತೆರೆಯಿತು,
ಹರಿಪುರದೊಂದು ಗಡಿಗೆಯೊಳಗೆ ಮಳೆಗಾಲವೇ ಮೊರೆಯಿತು.

ಪ್ರಾಸ ಆಗ ಹೊಳೆದದ್ದಲ್ಲ. ಆಗ ಕಾಕೂಗೆ ಸುಮ್ಮನಿರು ಎಂದು ಕೈ ಮಾಡಿದೆ, ಅಷ್ಟೇ. ಅವಳು ಎರಡು ವರ್ಷದಿಂದ ನನಗೆ ಕೇಳಿಸಲಿ ಎಂದು ಧ್ವನಿ ಏರಿಸಿದವಳು. ನನಗೆ ಕೇಳಿಸಲಿ ಎಂದು ಬಾಯಿ ಮುಚ್ಚಿದ್ದು ನಿನ್ನೆಯೇ. ಹತ್ತಿರ ಬಂದು ದಿಬ್ಬದ ಮೇಲೆ ಕುಳಿತಳು, ಮಳೆ ಜೋರಾಯಿತು, ಜ್ಯೋತೆಪ್ಪ ಕಂಬಳಿ ತಂದು ಇಬ್ಬರ ತಲೆಯ ಮೇಲೆ ಹಿಡಿದ. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. ಗಡಿಗೆ ಕಸಿದುಕೊಂಡು ತನ್ನ ಗದ್ದಕ್ಕೆ ಆನಿಸಿ ಕಣ್ಣು ಮುಚ್ಚಿದಳು.

"ಹೌದ್ರಿ," ಅಂದಳು, "ಹಿಂಗ ಕೇಳಿದ್ರ ಛಲೋ ಹಾಡ್ತೈತಿ."

ಸಿದ್ರಾಮಪ್ಪ